ಕಣ್ಣು ಮುಚ್ಚಿದರೆ ವಾಲುವ ಮೈ

ಕಾರವಾರದ ಡಾಕ್ಟರರು ಕಣ್ಣು ಮುಚ್ಚಿ ನಿಲ್ಲಲು ಹೇಳಿದಾಗ ನಾನು ವಾಲಿಬಿಟ್ಟೆ. ಸಕ್ಕರೆ ಕಾಯಿಲೆಯಿಂದಾಗಿ ಪಾದ ಎಲ್ಲಿದೆಯೆಂಬುದೇ ಮಿದುಳಿಗೆ ತಿಳಿಯುತ್ತಿಲ್ಲ, ಕಣ್ಣಿನ ಆಸರೆಯಿಂದಲೇ ನೀವು ನೆಟ್ಟಗೆ ನಿಲ್ಲುತ್ತಿದ್ದೀರಿ ಎಂದರು. ಬೊಬ್ರುವಾಡದ ಮನೆಯಲ್ಲಿ ಇದನ್ನು ಹೇಳಿದರೆ ಅಣ್ಣ ಕೆಲಸ ತಪ್ಪಿಸುವ ನೆಪ ಎಂದ.

ಸಂಜೆ ನೆರೆಕರೆಯವರೂ ಸೇರಿದ್ದ ಮನೆಯ ಆರತಿಗೆ ನಾನು ಕಣ್ಣು ಬಿಟ್ಟುಕೊಂಡೇ ನಿಂತಿದ್ದೆ.

"ದೇವರ ಎದ್ರಿಗೂ ಕಣ್ಣು ಮುಚ್ಚೂಕೆ ಆಗೂದಿಲ್ವಾ? ಎಷ್ಟು ಸೊಕ್ಕಾ ನಿಂಗೆ!" ಎಂದು ಎಲ್ಲರೆದುರು ಗದರಿದ.

ಸಿಟ್ಟಿನಲ್ಲಿ ಮುಚ್ಚಿದೆ. ಮೈ ತೂಗಾಡಿತು.

"ಭಾರ ಬಂತು! ದೇವರು ಮೈಮೇಲೆ ಬಂತು!" ಎಂದು ನೆರೆದವರು ಕೂಗಿದರು. ಡಾಕ್ಟರರನ್ನು ನಂಬದ ಅಣ್ಣ ಇದನ್ನು ಮಾತ್ರ ನಂಬಿದ! ವರ್ಷಗಟ್ಟಲೆ ನನ್ನನ್ನು ಹಂಗಿಸಿದವನು ನನ್ನದೇ ಕಾಲಿಗೆ ಬಿದ್ದು, "ದೇವರೇ, ಈ ಮನೆ ನೆಮ್ಮದಿ ಹಾಳ್ಮಾಡಿದ್ದು ಯಾರು?" ಎಂದು ಕೇಳಿದ.

ಕಣ್ಣು ತೆರೆದೆ. ಮೈ ನೆಟ್ಟಗೆ ನಿಂತಿತು.

"ನೀನೇ" ಎಂದೆ.