ಆರನೆಯ ಕ್ಲಾಸು
ಜೂನ್ ತಿಂಗಳಲ್ಲಿ ವಾಮಂಜೂರಿನ ಗದ್ದೆಯ ಬದುವಿನ, ಆ ಹುಣಿಯ ಮೇಲೆ ಕಪ್ಪು ಕೊಡೆಯೊಂದು ಕಂಡರೆ ಸಾಕು, ತಾಯಂದಿರು ಹೆಣ್ಣುಮಕ್ಕಳನ್ನು ಅಕ್ಕಿಮುಡಿಯ ಹಿಂದೆ ಅಡಗಿಸುತ್ತಿದ್ದರು. ವಿನಿಫ್ರೆಡ್ ಟೀಚರ್ ಶಾಲೆಗೆ ಮಕ್ಕಳನ್ನು ಹಿಡಿಯಲು ಹೊರಟಿದ್ದಾರೆಂದೇ ಅರ್ಥ. ಅವರೆದುರು ಯಾವ ನೆಪವೂ ನಡೆಯುತ್ತಿರಲಿಲ್ಲ. ಕೂಸನ್ನು ನೋಡಿಕೊಳ್ಳಲು ಜನವಿಲ್ಲವೆಂದರೆ, "ಕೂಸನ್ನೂ ಕಳಿಸಿ, ನನ್ನ ಮೇಜಿನಡಿ ಮಲಗಲಿ" ಎನ್ನುವರು. ಬಟ್ಟೆಯಿಲ್ಲವೆಂದರೆ ತಮ್ಮ ಹಳೆಯ ಸೀರೆಯಲ್ಲಿ ಲಂಗ ಹೊಲಿದು ತರುವರು. "ಹುಡುಗಿ ಓದಿ ಎಂತ ಮಾಡ್ಲಿಕ್ಕುಂಟು?" ಎಂದು ಬೀಡಿ ಕಟ್ಟುವ ಐಸಮ್ಮ ಬಾಗಿಲು ಹಾಕಿಕೊಂಡಾಗ, ಅದು ತೆರೆಯುವವರೆಗೂ ಜಗಲಿಯಲ್ಲಿ ಜಪಸರ ಎಣಿಸುತ್ತ ಕುಳಿತವರು ಅವರು. ಹಾಗೆ ಶಾಲೆ ಸೇರಿದ ಐಸಮ್ಮನ ಮಗಳು ನೆಬಿಸಾ ಐದನೆಯ ಕ್ಲಾಸನ್ನು ಎಲ್ಲರಿಗಿಂತ ಮೊದಲಿಗಳಾಗಿ ಪಾಸು ಮಾಡಿದಳು. ಮರುವರ್ಷ ಶಾಲೆ ತೆರೆದ ದಿನ ಐಸಮ್ಮ ತಾನಾಗಿಯೇ ಮಗಳ ತಲೆ ಬಾಚಿ ಕರೆತಂದಳು. "ಆರನೆಯದಕ್ಕೆ ಸೇರಿಸಿ ಟೀಚರ್, ಇನ್ನು ನಾನು ತಡೆಯುವುದಿಲ್ಲ." ಶಾಲೆ ಐದಕ್ಕೇ ಮುಗಿಯುತ್ತಿತ್ತು; ಪೇಟೆಯ ಶಾಲೆಗೆ ಮೈಲುಗಟ್ಟಲೆ ನಡೆಯಬೇಕು. ಆರನೆಯ ಕ್ಲಾಸು ಕೊಡಿ ಎಂದು ಟೀಚರ್ ಎಷ್ಟು ಬೇಡಿದರೂ ಮೇಲಿನವರು ಕಿವಿಗೊಟ್ಟಿರಲಿಲ್ಲ. ಆ ತಾಯಿಯ ಮುಖ ನೋಡಿ ಟೀಚರಿಗೆ ಇದನ್ನು ಹೇಳಲು ಬಾಯಿ ಬರಲಿಲ್ಲ. ಐಸಮ್ಮ ನಗುತ್ತ ಮನೆಗೆ ಹೋದ ಮೇಲೆ ಅವರು ನೆಬಿಸಾಳನ್ನು ಹಳೆಯ ಬೆಂಚಿನಲ್ಲೇ ಕೂರಿಸಿ ಪುಸ್ತಕ ಕೊಟ್ಟರು. "ಇದು ಐದನೆಯದ್ದಲ್ವಾ ಟೀಚರ್?" ಎಂದಳು ಹುಡುಗಿ. "ಓದು ಮಗಾ" ಎಂದರು ಟೀಚರ್, ಬೋರ್ಡಿನ ಕಡೆ ತಿರುಗಿ.