ಅಕ್ಕ ಕರೆಯಬೇಕಿತ್ತು

ನನ್ನ ಕಂಪ್ಯೂಟರಿನ ಕೀಲಿಮಣೆಯನ್ನು ಬೋರಲು ಹಾಕಿ ಮೆಲ್ಲಗೆ ತಟ್ಟಿದರೆ ಅಕ್ಷರಗಳ ಸಂದುಗೊಂದಿಗಳಿಂದ ಸವಣೂರಿನ ಖಾರ, ಅದೇ ಪೊಟ್ಟಣದಲ್ಲಿ ಮಾರುವ ಕುರುಕು ತಿಂಡಿ, ಉದುರುತ್ತದೆ. ಸವಣೂರಿನಲ್ಲೇ ಹುಟ್ಟಿ, ಇಲ್ಲೇ ಒಂದು ಸಣ್ಣ ಖೋಲಿಯಲ್ಲಿ ಕುಳಿತು, ಸುತ್ತಲಿನ ತಾಲೂಕುಗಳ ಅಂಗಡಿ, ಅಕ್ಕಿ ಗಿರಣಿ, ಬೀಜದ ವ್ಯಾಪಾರಿಗಳಿಗೆ ಸಾಫ್ಟ್‌ವೇರ್ ಬರೆದುಕೊಡುತ್ತಾ ಕೂದಲು ಬೆಳ್ಳಗೆ ಮಾಡಿಕೊಂಡವನ ಕೀಲಿಮಣೆಯಲ್ಲಿ ಖಾರವಲ್ಲದೆ ಮುತ್ತು ಸಿಕ್ಕೀತೆ? ಮೊದಲು ಒಂದು ಕೈ ಟೈಪು ಮಾಡುತ್ತಿದ್ದರೆ ಇನ್ನೊಂದು ಕೈ ಪೊಟ್ಟಣದಲ್ಲಿ ಇರುತ್ತಿತ್ತು. ಈಗ ನಾನು ಆಡುಮಾತಿನಲ್ಲಿ ಹೇಳಿದ್ದನ್ನು ಪ್ರೋಗ್ರಾಮು ಮಾಡಿ ಮುಂದಿಡುವ ಎಐ ಬಂದಿರುವುದರಿಂದ ಎರಡೂ ಕೈಗಳಿಗೆ ಪೊಟ್ಟಣವೇ ಗತಿ. "ಮಷೀನು ಬರೀತೈತಿ, ನೀವು ತಿಂತೀರಿ. ಛಲೋ ಉದ್ಯೋಗ ನೋಡ್ರಿ," ಎಂದು ನನ್ನ ಹೆಂಡತಿ ಚಹಾದ ಕಪ್ಪು ಇಡುತ್ತಾ ಹೇಳುವುದುಂಟು. ಅವಳ ಮಾತಿಗೆ ನಗುತ್ತೇನೆ. ನಕ್ಕಾದ ಮೇಲೆ ಪೊಟ್ಟಣ ಮಡಿಸಿ ಬದಿಗಿಡುತ್ತೇನೆ.

ನಿಮ್ಮಲ್ಲಿ ಮುಚ್ಚುಮರೆ ಯಾಕೆ, ನನಗೆ ನನ್ನ ಕಸುಬಿನ ಬಗ್ಗೆ ಅಷ್ಟಿಷ್ಟಲ್ಲದ ಜಂಬವಿತ್ತು. ಅಕ್ಕಿಆಲೂರಿನ ಗಿರಣಿಯಲ್ಲಿ ಬಿಲ್ಲು ಬರುವುದು ನಿಂತರೆ, ಹಿರೇಕೆರೂರಿನ ಬೀಜದಂಗಡಿಯಲ್ಲಿ ದಾಸ್ತಾನು ತಾಳೆಯಾಗದಿದ್ದರೆ, ಬಸ್ಸು ಹತ್ತಿ ಹೋಗಿ, ಗಲ್ಲಾದ ಹಿಂದಿನ ಕುರ್ಚಿಯಲ್ಲಿ ಹುಬ್ಬು ಗಂಟಿಕ್ಕಿ ಕುಳಿತು, ನಾಲ್ಕು ಸಾಲು ತಿದ್ದಿ, ಚಾಲೂ ಆಯಿತು ನೋಡಿ ಎಂದು ಎದ್ದು ನಿಲ್ಲುವಾಗ ಅಲ್ಲಿದ್ದವರು ನನ್ನನ್ನು ನೋಡುವ ನೋಟವಿತ್ತಲ್ಲ, ಅದರ ರುಚಿ ಹತ್ತಿದವನು ನಾನು. ಆ ನಾಲ್ಕು ಸಾಲನ್ನು ಈಗ ಯಂತ್ರ, ನಾನು ಕನ್ನಡಕ ಒರೆಸಿಕೊಳ್ಳುವುದರೊಳಗೆ ತಿದ್ದುತ್ತದೆ; ನನಗಿಂತ ಚೊಕ್ಕಟವಾಗಿಯೇ ತಿದ್ದುತ್ತದೆ. ಶಿಗ್ಗಾಂವಿಯ ಕಿರಾಣಿ ಸಾಹುಕಾರರೊಬ್ಬರು, ಮನಸ್ಸಿನಲ್ಲಿ ಕೆಟ್ಟದ್ದಿಲ್ಲದ ಮನುಷ್ಯ, ಕೇಳಿಯೇಬಿಟ್ಟರು: "ಎಲ್ಲಾ ಎಐನ ಮಾಡತೈತಂತಲ್ರಿ ಸರ, ಹಂಗಾರ ನೀವೇನ ಮಾಡಾಕತ್ತೀರಿ?" ಆ ಪ್ರಶ್ನೆ ಬಸ್ಸಿನಲ್ಲಿ ನನ್ನ ಪಕ್ಕವೇ ಕುಳಿತು, ಟಿಕೆಟ್ಟಿಲ್ಲದೆ ಸವಣೂರಿನವರೆಗೂ ಬಂದಿತು.

ಉತ್ತರ ಹುಡುಕುವ ಪುರುಸೊತ್ತು ಸಿಗುವ ಮೊದಲೇ ನನ್ನ ಅಕ್ಕನಿಗೆ ಲಕ್ವಾ ಹೊಡೆಯಿತು. ಗಿರಿಜಕ್ಕನನ್ನು ಹತ್ತಿಮತ್ತೂರಿಗೆ ಕೊಟ್ಟಿದೆ. ಹೊಲ, ಮಗ, ಸೊಸೆ ಶಾಂತಾ, ಎಮ್ಮೆ ಎಂದು ತುಂಬಿದ ಸಂಸಾರ. ಮನೆಯ ಮುಂದೆ ದಾರಿಗೆ ಮುಖಮಾಡಿದ ಒಂದು ಕಟ್ಟೆ. ಆ ಕಟ್ಟೆಯ ಮೇಲೆ ಅಕ್ಕ ಕುಳಿತಿದ್ದಾಗ ಯಾರೂ ಸುಮ್ಮನೆ ದಾಟಿ ಹೋಗುವ ಹಾಗಿರಲಿಲ್ಲ. ಹೊಲಕ್ಕೆ ಹೊರಟವರು, ಸಂತೆಯಿಂದ ಬಂದವರು, ಬಸ್ಸು ತಪ್ಪಿಸಿಕೊಂಡವರು, ಗುರುತಿದ್ದವರು, ಇಲ್ಲದವರು, ಎಲ್ಲರಿಗೂ ಒಂದೇ ಕರೆ: "ಬರ್ರಿ, ನೀರ ಕುಡೀರಿ, ರೊಟ್ಟಿ ಬಿಸಿ ಅದಾವ!" ಆ ದನಿಯಲ್ಲಿ ಉಪಚಾರಕ್ಕಿಂತ ಗದರಿಕೆಯೇ ಹೆಚ್ಚು. ಹೆಚ್ಚಿನವರು ಬರುತ್ತಿರಲಿಲ್ಲ, ಬರುವುದಿಲ್ಲವೆಂದು ಅವಳಿಗೂ ಗೊತ್ತಿತ್ತು. ಆದರೂ ಅವಳು ಕರೆಯಬೇಕಿತ್ತು, ಅವರು ಕರೆಸಿಕೊಂಡೇ ಮುಂದೆ ಹೋಗಬೇಕಿತ್ತು.

ಲಕ್ವಾ ಅವಳ ಬಲಗೈಯ ಕಸುವನ್ನೂ ಬಾಯಿಯ ಮಾತನ್ನೂ ಒಯ್ದಿತು. ನಾವು ಆಡಿದ್ದೆಲ್ಲ ತಿಳಿಯುತ್ತದೆ, ಕಣ್ಣು ಮೊದಲಿನಷ್ಟೇ ಚುರುಕು. ಗಂಟಲಿನಿಂದ ಮಾತ್ರ ಆಕಾರವಿಲ್ಲದ ಸದ್ದು. ಆಸ್ಪತ್ರೆಯಿಂದ ಮರಳಿದ ಮೇಲೆ ಅವಳು ಕಟ್ಟೆಯನ್ನೇ ಬಿಟ್ಟಳು. ಬಾಗಿಲಲ್ಲಿ ಚಪ್ಪಲಿಯ ಸದ್ದಾದರೆ ಗೋಡೆ ಹಿಡಿದುಕೊಂಡು ಒಳಕೋಣೆಗೆ ನಡೆದುಬಿಡುತ್ತಿದ್ದಳು. ಸೊಟ್ಟಗಾದ ಬಾಯಿಗೆ ನಾಚುತ್ತಾಳೆಂದು ನಾವೆಲ್ಲ ತಿಳಿದೆವು. ಹೀಗೇ ಒಳಒಳಗೆ ಸರಿಯುತ್ತಾ ಹೋದರೆ ಅಕ್ಕ ನಮ್ಮ ಕಣ್ಣೆದುರಿಗೇ ಇಲ್ಲವಾಗುತ್ತಾಳೆಂದು ನನಗೆ ಭಯವಾಯಿತು. ಅವಳು ಮತ್ತೆ ಆ ಕಟ್ಟೆಯ ಮೇಲೆ ಕೂಡಬೇಕು, ನನಗೆ ಬೇಕಾಗಿದ್ದುದು ಅಷ್ಟೇ.

ಚಿತ್ರ ಮುಟ್ಟಿದರೆ ಫೋನು ಅವಳ ಪರವಾಗಿ ಮಾತಾಡುವಂಥ ಒಂದು ಆ್ಯಪ್ ಮಾಡೋಣವೆಂದುಕೊಂಡು ಎಐ ಮುಂದೆ ಕುಳಿತೆ. ಬರೆಯಲು ತೊಡಗುವ ಮೊದಲು ಅದು ನನ್ನನ್ನೊಂದು ಮಾತು ಕೇಳಿತು: ಇದನ್ನು ಬಳಸುವವರು ಯಾರು, ಅವರಿಗೆ ಏನೇನು ಹೇಳಬೇಕಾಗಿದೆ? ಲಕ್ವಾ ಹೊಡೆದ ರೋಗಿ, ಬೇಕು ಬೇಡ ಹೇಳಲಿಕ್ಕೆ ಸಾಕು, ಎಂದೆ. ಚಹಾ ಆರುವಷ್ಟರಲ್ಲಿ ಆ್ಯಪ್ ಸಿದ್ಧ. ಲೋಟದ ಚಿತ್ರ ಮುಟ್ಟಿದರೆ ನನಗೆ ನೀರು ಬೇಕು, ಗುಳಿಗೆಯ ಚಿತ್ರ ಮುಟ್ಟಿದರೆ ನನಗೆ ಔಷಧ ಬೇಕು, ಹಾಸಿಗೆಯ ಚಿತ್ರ ಮುಟ್ಟಿದರೆ ನಾನು ಮಲಗಬೇಕು. ಎಲ್ಲವನ್ನೂ ವಾರ್ತೆ ಓದುವ ಹೆಣ್ಣುಮಗಳ ದನಿಯಲ್ಲಿ ಅದು ಸ್ವಚ್ಛವಾಗಿ ಹೇಳುತ್ತಿತ್ತು. ನಾನು ಒಂದಕ್ಷರವನ್ನೂ ಬರೆದಿರದ ಆ ಕೆಲಸಕ್ಕೆ ಎದೆಯುಬ್ಬಿಸಿಕೊಂಡು ಹತ್ತಿಮತ್ತೂರಿನ ಬಸ್ಸು ಹತ್ತಿದೆ. ದುಡಿಯದೆಯೂ ಜಂಬ ಪಡಬಹುದೆಂಬುದು ಹೀಗೆ ಗೊತ್ತಾಯಿತು.

ಆ್ಯಪ್ ಹಾಕಿಕೊಟ್ಟ ಫೋನನ್ನು ಅಕ್ಕ ಹಿಂದೆ ಮುಂದೆ ತಿರುಗಿಸಿ ನೋಡಿ ದಿಂಬಿನ ಕೆಳಗೆ ಸರಿಸಿದಳು. ಬಾಯಾರಿದಾಗ ಅವಳು ಎಡಗೈ ಎತ್ತುತ್ತಿದ್ದಳು, ಶಾಂತಾ ನೀರು ತರುತ್ತಿದ್ದಳು. ನಡುವೆ ಫೋನಿಗೇನು ಕೆಲಸ? ಮುಂದಿನ ಸಲ ನಾನು ಹೋದಾಗಲೂ ಅದು ದಿಂಬಿನ ಕೆಳಗೇ ಇತ್ತು. ಒಳಕೋಣೆಯಲ್ಲಿ ಅವಳ ಮಂಚದ ಹತ್ತಿರ ಕುಳಿತಿದ್ದೆ. ಪಕ್ಕದ ಹೊಲದ ಫಕ್ಕೀರಪ್ಪ ಬಿಸಿಲಲ್ಲಿ ನಡೆದು ಬಂದವನು ಸೀದಾ ಕೋಣೆಯ ಬಾಗಿಲಿಗೇ ಬಂದು ಕುಳಿತು, "ಹೆಂಗದೀ ಯಕ್ಕಾ?" ಎಂದು ಟವೆಲ್ಲಿನಿಂದ ಮುಖ ಒರೆಸಿಕೊಂಡ. ಈ ಸಲ ಅಕ್ಕನಿಗೆ ಎದ್ದು ಹೋಗಲು ಇನ್ನೊಂದು ಕೋಣೆಯಿರಲಿಲ್ಲ. ಅವನನ್ನು ನೋಡಿದಳು, ಅಡುಗೆಮನೆಯ ಕಡೆ ನೋಡಿದಳು, ಸರಕ್ಕನೆ ಫೋನು ತೆಗೆದು ಲೋಟದ ಚಿತ್ರ ಒತ್ತಿದಳು. "ನನಗೆ ನೀರು ಬೇಕು," ಎಂದಿತು ಫೋನು.

ನನ್ನ ಆನಂದವನ್ನು ಕೇಳಬೇಡಿ. "ಶಾಂತಾ, ಅಕ್ಕಗ ನೀರು ತಾ!" ಎಂದು ಕೂಗಿದೆ. ಶಾಂತಾ ಓಡಿ ಬಂದು ಲೋಟವನ್ನು ಅತ್ತೆಯ ತುಟಿಗೆ ಹಿಡಿದಳು. ಅಕ್ಕ ತಲೆ ಕೊಡವಿ ಮತ್ತೆ ಒತ್ತಿದಳು. ನನಗೆ ನೀರು ಬೇಕು. ಮತ್ತೆ ಲೋಟ ಹಿಡಿದರೆ ಮತ್ತೆ ಮುಖ ತಿರುಗಿಸಿದಳು. ನನಗೆ ನೀರು ಬೇಕು, ನನಗೆ ನೀರು ಬೇಕು. ಕೊನೆಗೆ ಫೋನನ್ನು ಬದಿಗೆ ಎಸೆದು, ಶಾಂತಾಳ ಕೈಯಿಂದ ಲೋಟವನ್ನು ಎಡಗೈಯಲ್ಲಿ ಕಸಿದುಕೊಂಡು, ಅರ್ಧ ಹಾಸಿಗೆಯ ಮೇಲೆ ಚೆಲ್ಲುತ್ತಾ, ಫಕ್ಕೀರಪ್ಪನ ಕಡೆಗೆ ಚಾಚಿದಳು.

ಫಕ್ಕೀರಪ್ಪ ಎದ್ದು ಬಂದು ಎರಡೂ ಕೈಯಿಂದ ಲೋಟ ಇಸಿದುಕೊಂಡು ಕುಡಿದ. ಶಾಂತಾ ಮಂಚದ ಅಂಚಿನಲ್ಲಿ ಕುಳಿತು ಮೆಲ್ಲಗೆ ಕೇಳಿದಳು: "ಬಂದೋರಿಗೆ ಬರ್ರಿ ಅನ್ನಾಕ ಆಗವಲ್ದಂತ ಒಳಗ ಹೋಗ್ತಿದ್ರೇನ್ರಿ ಅತ್ತಿ?" ಅಕ್ಕ ಹೌದೆಂದು ತಲೆಯಾಡಿಸಿದಳು. ಆಮೇಲೆ ಅತ್ತಳು. ನನಗೂ ತಡೆಯಲಾಗಲಿಲ್ಲ.

ಕಾಯಿಲೆ ಬಿದ್ದವರನ್ನು ನಾವು ಎಷ್ಟು ಪ್ರೀತಿಯಿಂದ ಬೇಡುವವರನ್ನಾಗಿ ಮಾಡಿಬಿಡುತ್ತೇವೆ, ಯೋಚಿಸಿ ನೋಡಿ. ನಿಮಗೇನು ಬೇಕು, ನಿಮಗೇನು ಬೇಕು ಎಂದು ಹಗಲೆಲ್ಲ ಕೇಳುತ್ತೇವೆ. ಯಾರಿಗಾದರೂ ಏನಾದರೂ ಕೊಡಬೇಕೆನಿಸುತ್ತದೆಯೇ ಎಂದು ಕೇಳುವುದು ನಮಗೆ ಹೊಳೆಯುವುದೇ ಇಲ್ಲ. ಯಂತ್ರವನ್ನು ದೂರಿ ಪಾರಾಗೋಣವೆಂದರೆ ಅದಕ್ಕೂ ದಾರಿಯಿಲ್ಲ. ಅದು ಕೇಳಬೇಕಾದದ್ದನ್ನೇ ಕೇಳಿತ್ತು. ಕೂಡಿ ಬೆಳೆದ ಅಕ್ಕನನ್ನು ರೋಗಿ ಎಂಬ ಒಂದೇ ಶಬ್ದದಲ್ಲಿ ಮುಗಿಸಿದವನು ನಾನು. ಶಿಗ್ಗಾಂವಿಯ ಸಾಹುಕಾರರ ಪ್ರಶ್ನೆಗೆ ಅರ್ಧ ಉತ್ತರ ನನಗೆ ಆ ಕೋಣೆಯಲ್ಲಿ ಸಿಕ್ಕಿತೆನ್ನಬೇಕು: ಯಾರಿಗೆ, ಯಾತಕ್ಕೆ ಎಂದು ಹೇಳುವುದು ಇನ್ನೂ ನನ್ನ ಪಾಲಿನ ಕೆಲಸವೇ. ಉಳಿದರ್ಧ ಉತ್ತರ ಅಷ್ಟು ಸಿಹಿಯಾಗಿಲ್ಲ. ಯಾರಿಗೆ, ಯಾತಕ್ಕೆ ಎಂಬುದನ್ನು ನಾನು ಖೋಲಿಯಲ್ಲಿ ಖಾರ ತಿನ್ನುತ್ತಾ ಹೇಳಲಾರೆ. ಹೋಗಿ ಮಂಚದ ಹತ್ತಿರ ಕುಳಿತು, ತಪ್ಪಿ, ನಾಚಿಕೊಂಡು ಕಲಿಯಬೇಕು. ಇಷ್ಟು ವರ್ಷ ತಿದ್ದಿದ ಸಾಲುಗಳಿಗಿಂತ ಇದು ಕಷ್ಟದ್ದು, ಆದರೂ ಇದನ್ನು ಮಾಡಲು ನನಗೆ ಆಸೆಯಾಯಿತು.

ಅಕ್ಕನ ಅಂಗಳದಲ್ಲೇ ಕುಳಿತು ಯಂತ್ರಕ್ಕೆ ಎಲ್ಲವನ್ನೂ ಹೊಸದಾಗಿ ಹೇಳಿದೆ: ಕಟ್ಟೆ, ದಾರಿ, ಬಿಸಿ ರೊಟ್ಟಿ, ಗದರಿಕೆ. ಅದು ಶ್ರದ್ಧೆಯಿಂದ ಬರೆದುಕೊಟ್ಟಿತು: ದಯವಿಟ್ಟು ಒಳಗೆ ಆಗಮಿಸಿ, ಆಸೀನರಾಗಿ. ಅಕ್ಕ ಹುಟ್ಟಿದಾರಭ್ಯ ಯಾರಿಗೂ ದಯವಿಟ್ಟು ಅಂದವಳಲ್ಲ. ತಪ್ಪು ತೋರಿಸಿದರೆ ಯಂತ್ರ ಮುಖ ಸಣ್ಣದು ಮಾಡಿಕೊಳ್ಳದೆ ತಿದ್ದಲು ಸಿದ್ಧವಾಯಿತು; ಆ ಗುಣವನ್ನು ಅದರಿಂದ ಕಲಿತರೆ ನನಗೆ ನಷ್ಟವೇನಿಲ್ಲ. ಒಂದೊಂದು ಚಿತ್ರಕ್ಕೂ ಮನೆಯವರ ದನಿಯಲ್ಲೇ ಒಂದೊಂದು ಮಾತು ತುಂಬಿಸುವ ಹಾಗೆ ಮಾಡಿಕೊಡೆಂದೆ, ಮಾಡಿಕೊಟ್ಟಿತು.

ದನಿ ಕೊಡಲು ಕುಳಿತವಳು ಶಾಂತಾ, ಗಟ್ಟಿಯಾಗಿ ಮಾತಾಡಿ ಗೊತ್ತಿಲ್ಲದ ಹುಡುಗಿ. "ಬರ್ರಿ, ಕುಂದರ್ರಿ," ಎಂದು ಪಿಸುಗುಟ್ಟಿದರೆ ಅಕ್ಕ ಎಡಗೈ ಬೀಸಿ ತಳ್ಳಿಹಾಕಿದಳು. ಇನ್ನಷ್ಟು ಜೋರು ಎಂದು ಕೈಯೆತ್ತಿದಳು. ಜೋರು ಮಾಡಿದರೆ ಸಿಟ್ಟು ಸಾಲದೆಂದು ಹುಬ್ಬು ಗಂಟಿಕ್ಕಿ ತೋರಿಸಿದಳು. "ಅತ್ತೀನ ಬೈದಂಗ ಆಗತೈತ್ರಿ ಮಾಮಾ," ಎಂದು ಶಾಂತಾ ಸೆರಗು ಬಾಯಿಗೆ ಹಿಡಿದು ನಕ್ಕಳು. ಅಕ್ಕನೂ ನಕ್ಕಳು, ಸೊಟ್ಟ ಬಾಯಿಯಲ್ಲೇ, ಯಾವ ನಾಚಿಕೆಯೂ ಇಲ್ಲದೆ. ಕಡೆಗೊಮ್ಮೆ ಶಾಂತಾ ಕಣ್ಣು ಮುಚ್ಚಿಕೊಂಡು ದಾರಿಗೆ ಕೇಳುವ ಹಾಗೆ ಕೂಗಿದಾಗ ಅಕ್ಕ ಸಾಕೆಂದು ಅವಳ ಬೆನ್ನು ಸವರಿದಳು.

ಅನಂತರ ಅಕ್ಕ ಗೋಡೆ ಹಿಡಿದುಕೊಂಡು ಎದ್ದಳು. ಹೊರಗೆ ನಡೆದಳು. ಕಟ್ಟೆಯ ಮೇಲೆ ಕುಳಿತು, ಫೋನನ್ನು ತೊಡೆಯ ಮೇಲಿಟ್ಟುಕೊಂಡು, ದಾರಿ ನೋಡತೊಡಗಿದಳು. ನೆರೆಮನೆಯ ನಿಂಗವ್ವ ತಲೆಯ ಮೇಲೆ ಮೇವಿನ ಹೊರೆ ಹೊತ್ತು ಬರುತ್ತಿದ್ದಳು. ಅಕ್ಕ ಒತ್ತಿದಳು.

"ಯಾಕ ಹಂಗ ಹೊಂಟೀ? ಬಾ, ರೊಟ್ಟಿ ತಿಂದು ಹೋಗು!"

ನಿಂಗವ್ವ ನಿಲ್ಲಲಿಲ್ಲ. ಫೋನಿನ ಕಡೆ ನೋಡಲೂ ಇಲ್ಲ. ಹೊರೆಯ ಕೆಳಗಿನಿಂದ ಅಕ್ಕನ ಮುಖವನ್ನಷ್ಟೇ ನೋಡುತ್ತಾ, "ಒಲ್ಲೆ ಯಕ್ಕಾ, ಎಮ್ಮಿ ಹಿಂಡೂದೈತಿ!" ಎಂದಳು. ಅಕ್ಕ ಇನ್ನೊಂದು ಚಿತ್ರ ಒತ್ತಿದಳು. "ಹೋಗ ಹೋಗ, ನಿನ್ನ ಕೂಡ ಮಾತಾಡಂಗಿಲ್ಲ!" ನಿಂಗವ್ವ ಹೊರೆ ಅಲುಗುವ ಹಾಗೆ ನಕ್ಕು, "ನಾಳಿಗೆ ಬರ್ತೇನಿ, ಸಿಟ್ಟಾಗಬ್ಯಾಡ," ಎನ್ನುತ್ತಾ ದಾಟಿ ಹೋದಳು.

ಇದನ್ನು ಯಾರು ಮಾಡಿದರೆಂದು ನಿಂಗವ್ವ ಕೇಳಲಿಲ್ಲ. ಕೇಳಲಿಲ್ಲವಲ್ಲ ಎಂದು ನನಗೆ ಹೊಳೆದದ್ದು ಬಸ್ಸಿನಲ್ಲಿ ಕುಳಿತ ಮೇಲೆ. ಅಲ್ಲಿದ್ದಾಗ ನಾನು ಅಕ್ಕನನ್ನಷ್ಟೇ ನೋಡುತ್ತಿದ್ದೆ. ಅವಳು ಆಗಲೇ ಹೆಬ್ಬೆರಳು ಸಜ್ಜು ಮಾಡಿಕೊಂಡು, ದಾರಿಯ ಆ ತುದಿಯಲ್ಲಿ ಯಾರು ಬರುತ್ತಿದ್ದಾರೆಂದು ಕಣ್ಣು ಕಿರಿದು ಮಾಡಿ ನೋಡುತ್ತಿದ್ದಳು.