ಹನ್ನೆರಡು ಪುಟಕ್ಕೆ ಹನ್ನೆರಡು ಅಧ್ಯಕ್ಷರು

ಗೋವಿಂದರಾಜನಗರದ ನಮ್ಮ ಬೀದಿಯಲ್ಲಿ ಬೋರ್‌ವೆಲ್ ಕೊರೆಸಿದ ದಿನ ಗಂಗೆ ಇನ್ನೂರು ಅಡಿಯಲ್ಲೇ ಸಿದ್ಧಳಾಗಿದ್ದಳಂತೆ. ಆದರೆ ರೇವಣಸಿದ್ದಯ್ಯನವರ ಸ್ವಾಗತ ಭಾಷಣ ಮುಗಿಯುವವರೆಗೆ ಮೇಲೆ ಬರಲು ಅವಳಿಗೂ ಸಂಕೋಚವಾಯಿತಂತೆ. ಒಮ್ಮೆ ಮಾರೇನಹಳ್ಳಿಯ ಸ್ಟಾಪಿನಲ್ಲಿ ಬಸ್ಸಿಳಿಯುತ್ತ ಈ ನಿವೃತ್ತ ಕನ್ನಡ ಮೇಷ್ಟ್ರು ಡ್ರೈವರಿಗೆ, ಕಂಡಕ್ಟರಿಗೆ, ಸೀಟು ಬಿಟ್ಟುಕೊಟ್ಟ ಹುಡುಗಿಗೆ ವಂದನಾರ್ಪಣೆ ಮಾಡಿ ಮುಗಿಸುವಷ್ಟರಲ್ಲಿ ಹಿಂದೆ ನಾಲ್ಕು ಬಸ್ಸು ಸಾಲುಗಟ್ಟಿದ್ದವು. ಇದು ನಾನೇ ಕಂಡದ್ದು. ನಾಲ್ಕನೆಯದರಲ್ಲಿ ನಾನಿದ್ದೆ.

ಇಂಥವರ ಕೈಗೆ ಸಿಕ್ಕವಳು ಹೊಸಹಳ್ಳಿಯ ಚೇತನಾ. ಯಾರು ಬೇಕಾದರೂ ಬಿಚ್ಚಿ, ತಿದ್ದಿ, ಪುಕ್ಕಟೆ ಹಂಚಬಹುದಾದ ಪತ್ರ ಬರೆಯುವ ತಂತ್ರಾಂಶವೊಂದನ್ನು ಅವಳೂ ಅವಳ ಗೆಳೆಯರೂ ಎರಡು ವರ್ಷ ರಜೆಯ ದಿನಗಳನ್ನೆಲ್ಲ ಸುರಿದು ಕನ್ನಡಕ್ಕೆ ತಂದಿದ್ದರು. ಪದಗಳನ್ನು ಆರಿಸಿಕೊಟ್ಟವರು ಮೇಷ್ಟ್ರು. ೨೦೦೮ರ ಆ ವಾರ ಹೊರದೇಶದ ಮುಖ್ಯ ತಂಡದಿಂದ ಕಾಗದ ಬಂತು: ಭಾನುವಾರ ಸಂಜೆ ಆರರೊಳಗೆ ತಂತ್ರಾಂಶ ಬಳಸುವ ಬಗೆ ತಿಳಿಸುವ ಹನ್ನೆರಡು ಸಹಾಯ ಪುಟಗಳನ್ನೂ ಕನ್ನಡದಲ್ಲಿ ಬರೆದು ಸೇರಿಸದಿದ್ದರೆ ಈ ಸಲದ ಹೊಸ ಆವೃತ್ತಿಯಲ್ಲಿ ಕನ್ನಡ ಇರುವುದಿಲ್ಲ.

‘ಶನಿವಾರ, ಭಾನುವಾರ ನಮ್ಮನಮ್ಮ ಮನೆಯಲ್ಲೇ ಕೂತು ಬರೆಯೋಣ, ಯಾರು ಬರ್ತೀರಾ?’ ಎಂದು ಚೇತನಾ ಆ ಗೆಳೆಯರೆಲ್ಲರಿಗೂ ಇಮೇಲ್ ಹಾಕಿದಳು. ಗದಗದ ಫಕೀರೇಶನಿಗೆ ಭಾವಮೈದುನನ ಗೃಹಪ್ರವೇಶ. ಹಾಸನದ ಚನ್ನಕೇಶವನಿಗೆ ಕರೆಂಟಿಲ್ಲ. ಉಳಿದವರಿಗೆ ಉತ್ತರಿಸಲೂ ಪುರುಸೊತ್ತಿಲ್ಲ.

ಗುರುವಾರ ಸಂಜೆ ಮೇಷ್ಟ್ರು ಮುತ್ತಿನಂಥ ಅಕ್ಷರದ ಒಂದು ಹಾಳೆ ಹಿಡಿದು ಅವಳ ಮನೆಗೆ ಬಂದರು. ಮೇಲೆ ‘ಸರ್ವರಿಗೂ ಆದರದ ಸ್ವಾಗತ’.

“ಸಾರ್, ದೀಪ ಬೆಳಗೋದು ಅಂತ ಹಾಕಿದೀರಿ. ಯಾವ ಊರಲ್ಲಿ ಬೆಳಗೋದು? ಒಬ್ರು ಗದಗ, ಒಬ್ರು ಹಾಸನ!”

“ಅವರವರ ಮನೇಲಿ ಅವರವರು ಹಚ್ಕೊಳ್ಲಿ ಬಿಡಮ್ಮ.”

“ಲಘು ಉಪಾಹಾರ?”

“ಅದೂ ಅವರವರ ಮನೇಲೇ.”

“ಅಯ್ಯೋ, ಬರೆಯೋದೆಲ್ಲಿದೆ ಸಾರ್ ಇದ್ರಲ್ಲಿ?”

“ಹಾಳೆ ತಿರುಗ್ಸು.”

ಹಿಂಬದಿಯಲ್ಲಿ ಹನ್ನೆರಡು ಪುಟಕ್ಕೂ ಒಬ್ಬೊಬ್ಬ ಅಧ್ಯಕ್ಷರು. ‘ಕಡತ ಉಳಿಸುವುದು: ಅಧ್ಯಕ್ಷತೆ, ಶ್ರೀ ಫಕೀರೇಶ.’ ‘ಅಳಿಸಿದ್ದನ್ನು ಮರಳಿ ತರುವುದು: ಅಧ್ಯಕ್ಷತೆ, ಶ್ರೀ ಚನ್ನಕೇಶವ.’ ಕೊನೆಯ ‘ಮುದ್ರಣ’ಕ್ಕೆ ಸ್ವತಃ ಮೇಷ್ಟ್ರು.

“ಟೈಪ್ ಮಾಡಿ ಎಲ್ರಿಗೂ ಕಳ್ಸಮ್ಮ,” ಎಂದು ಅಪ್ಪಣೆ ಕೊಟ್ಟು ಅವರು ಹೊರಟರು. ಹಿರಿಯರ ಮಾತು ಮೀರಬಾರದೆಂದು ಚೇತನಾ ಹಲ್ಲು ಕಚ್ಚಿಕೊಂಡು ಕಳಿಸಿದಳು.

ಒಂದು ಗಂಟೆಯೊಳಗೆ ಫಕೀರೇಶನ ಉತ್ತರ: ಗೃಹಪ್ರವೇಶಕ್ಕೆ ಹೆಂಡತಿ ಹೋಗುತ್ತಾಳೆ, ಹೆಸರಿನ ಜೊತೆ ಬಿ.ಕಾಂ. ಸೇರಿಸಿ. ಚನ್ನಕೇಶವನಿಗೆ ಎಲ್ಲಿಂದಲೋ ಯುಪಿಎಸ್ ಸಿಕ್ಕಿತು. ಒಬ್ಬರು ತಮ್ಮ ಫೋಟೋ ಕೂಡ ಕಳಿಸಿದರು. ಯಾರೂ ಕೇಳಿರಲಿಲ್ಲ.

ಶನಿವಾರ ಬೆಳಗ್ಗೆ ಒಂಬತ್ತಕ್ಕೆ ಚಾಟ್‌ನಲ್ಲಿ ಹನ್ನೊಂದು ಜನ ಹಾಜರು. ಮೇಷ್ಟ್ರು ಮಾತ್ರ ಇಲ್ಲ. ಅವರ ನಾಲ್ಕು ಹಾಳೆಯ ಸ್ವಾಗತ ಭಾಷಣ ಹಿಂದಿನ ದಿನವೇ ಚೇತನಾಳ ಕೈಸೇರಿತ್ತು. ಅದನ್ನೂ ಅವಳೇ ಟೈಪು ಮಾಡಿದಳು. ಮಧ್ಯಾಹ್ನದವರೆಗೆ ಅಧ್ಯಕ್ಷರು ಪರಸ್ಪರ ಅಭಿನಂದಿಸಿಕೊಂಡರು. ಚೇತನಾ ಅಡುಗೆಮನೆಗೆ ಹೋಗಿ ಒಂದು ತಟ್ಟೆಯನ್ನು ವಿನಾಕಾರಣ ಕುಕ್ಕಿ ಬಂದಳು.

ಆದರೂ ಭಾನುವಾರ ಐದರ ಹೊತ್ತಿಗೆ ಹನ್ನೊಂದು ಪುಟ ಬಂದೇಬಿಟ್ಟವು. ‘ಮುದ್ರಣ’ ಮಾತ್ರ ಖಾಲಿ. ಅವಳು ಮೇಷ್ಟ್ರಿಗೆ ಫೋನು ಮಾಡಿದಳು.

“ಸಾರ್, ಹನ್ನೊಂದು ಜನಾನೂ ಬರೆದು ಮುಗಿಸಿದ್ರು. ನಿಮ್ದೊಂದೇ ಬಾಕಿ. ಇನ್ನೊಂದು ಗಂಟೆ ಇದೆ ಅಷ್ಟೆ. ಅದಿಲ್ದೆ ಹೋದ್ರೆ ಕನ್ನಡಾನೇ ಹೋಯ್ತು! ನಿನ್ನೆಯಿಂದ ಏನ್ಮಾಡ್ತಾ ಇದೀರಿ ಸಾರ್ ನೀವು?”



“ಬರೆದಿಟ್ಟು ನಾಲ್ಕು ದಿನ ಆಯ್ತು. ಬಂದು ತಗೊಂಡೋಗಮ್ಮ. ನಂಗೆ ಟೈಪಿಂಗ್ ಬರಲ್ಲ.”